ಇಂಕಾ ದಾರಿ ನಡೆಯುವವರಿಗೆ: ಒಮ್ಮೆ ಅರ್ಧದಲ್ಲೇ ಹಿಂದಿರುಗಿದವಳ ಲೆಕ್ಕಾಚಾರ

ಪೆರು ದೇಶದ ಬೆಟ್ಟಗಳಲ್ಲಿ ಇಂಕಾ ಜನ ಕಟ್ಟಿದ ಹಳೆಯ ಊರು ಮಾಚು ಪಿಚುವನ್ನು ನಾನು ಎರಡು ಸಲ ನೋಡಿದ್ದೇನೆ. 2019ರ ಜೂನಿನಲ್ಲಿ ಬಸ್ಸಿನಲ್ಲಿ ಹೋಗಿ, 2024ರ ಸೆಪ್ಟೆಂಬರಿನಲ್ಲಿ ನಡೆದು ಹೋಗಿ. ಮೊದಲ ಸಲವೂ ನಡೆಯಬೇಕೆಂದೇ ಹೊರಟವಳು. ಎರಡನೇ ದಿನ ಸುಮಾರು 3,800 ಮೀಟರ್ ಎತ್ತರದಲ್ಲಿರುವ ಲ್ಯುಲ್ಯುಚಾಪಾಂಪ ಎಂಬ ಹುಲ್ಲುಗಾವಲಿನಲ್ಲಿ ತಲೆ ಹಿಡಿದುಕೊಂಡು ಕೂತೆ. ಬೆಳಗ್ಗೆ ತಿಂದದ್ದೆಲ್ಲ ವಾಂತಿಯಾಯಿತು. ಗೈಡ್ ನನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿ, ಏನೂ ಮಾತಾಡದೆ ಸಹಾಯಕನನ್ನು ಕರೆದ. ಅವನ ಜೊತೆ ಕೆಳಗಿಳಿದೆ. ನಾಲ್ಕನೇ ದಿನ ರೈಲು ಹತ್ತಿ, ಬಸ್ಸು ಹತ್ತಿ, ಮಾಚು ಪಿಚುವಿನ ಬಾಗಿಲಲ್ಲಿ ನನ್ನ ಗುಂಪನ್ನು ಕೂಡಿಕೊಂಡೆ. ಅವರೆಲ್ಲರ ಮುಖದಲ್ಲಿ ಏನೋ ಒಂದಿತ್ತು. ನನ್ನ ಮುಖದಲ್ಲಿ ಅದು ಇರಲಿಲ್ಲ.

ಆಗ ನನ್ನ ಕಾಲಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ನನ್ನ ಕ್ಯಾಲೆಂಡರ್. ಪೆರುವಿನ ರಾಜಧಾನಿ ಲಿಮಾದಿಂದ ಬೆಳಗಿನ ವಿಮಾನ ಹಿಡಿದು ಎತ್ತರದ ಬೆಟ್ಟದೂರು ಕುಸ್ಕೊಗೆ ಬಂದು, ಅದೇ ಸಂಜೆ ಉತ್ಸಾಹದಲ್ಲಿ ಸಾಕ್ಸಾಯ್‌ವಾಮಾನ್ ಕೋಟೆ ಹತ್ತಿ, ಒಂದು ದಿನ ಬಿಟ್ಟು ಟ್ರೆಕ್ ಶುರು ಮಾಡಿದ್ದೆ. ಬ್ಯಾಂಕಿನ ಕೆಲಸದಲ್ಲಿದ್ದಾಗ ರಜೆ ಅಂದರೆ ಹಾಗೇ ಅಲ್ಲವೇ, ಒಂದೊಂದು ದಿನವನ್ನೂ ಹಿಂಡಿ ಹಿಂಡಿ ಬಳಸುವುದು. ಈ ದಾರಿಗೆ ಆ ಬುದ್ಧಿ ನಡೆಯುವುದಿಲ್ಲ. ಎರಡನೇ ಸಲ ಹೊರಟಾಗ ನನಗೆ ಐವತ್ತಾರು ವರ್ಷ. ಕಾಲಿನ ಕಸುವು ಮೊದಲಿಗಿಂತ ಕಡಿಮೆ, ಜೊತೆಗೆ ಅಣ್ಣನ ಮಗಳು. ಆದರೂ ಆರಾಮವಾಗಿ ಮುಗಿಸಿದೆ. ಎರಡು ಸಲಕ್ಕೂ ಇದ್ದ ವ್ಯತ್ಯಾಸ ಏನೆಂದು ಕೇಳುವವರಿಗೆ ಒಂದೇ ಕಡೆ ಬರೆದಿಟ್ಟರೆ ವಾಸಿ ಅನ್ನಿಸಿತು.

ಪರ್ಮಿಟ್ ಮೊದಲು, ವಿಮಾನ ಆಮೇಲೆ

ನಾನು ಹೇಳುತ್ತಿರುವುದು ನಾಲ್ಕು ದಿನದ ಹಳೆಯ ಇಂಕಾ ದಾರಿಯ ಬಗ್ಗೆ. ಕುಸ್ಕೊದಿಂದ ಬರುವ ರೈಲು ಹಳಿಯ 82ನೇ ಕಿಲೋಮೀಟರಿನ ಹತ್ತಿರ, ಉರುಬಾಂಬಾ ನದಿಯ ದಂಡೆಯಲ್ಲಿ ಶುರುವಾಗಿ ಸುಮಾರು 43 ಕಿಲೋಮೀಟರ್ ನಡೆದು ಮಾಚು ಪಿಚುವಿಗೆ ಮೇಲಿನಿಂದ ಇಳಿಯುವ ದಾರಿ. ಇದರಲ್ಲಿ ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ. ಆ 500ರಲ್ಲಿ ಗೈಡು, ಅಡಿಗೆಯವರು, ಸಾಮಾನು ಹೊರುವ ಪೋರ್ಟರುಗಳೂ ಸೇರಿದ್ದಾರೆ. ಅವರನ್ನು ಕಳೆದರೆ ನಮ್ಮಂಥವರಿಗೆ ಉಳಿಯುವುದು ಸುಮಾರು 200 ಜಾಗ. ಸ್ವಂತವಾಗಿ ಹೋಗುವ ಹಾಗಿಲ್ಲ. ಸರ್ಕಾರದ ಪರವಾನಗಿ ಇರುವ ಏಜೆನ್ಸಿಯ ಮೂಲಕವೇ ಪರ್ಮಿಟ್ ಸಿಗುವುದು, ಗೈಡ್ ಇರಲೇಬೇಕು.

ಮುಂದಿನ ವರ್ಷದ ಪರ್ಮಿಟ್ಟುಗಳು ಸಾಮಾನ್ಯವಾಗಿ ಹಿಂದಿನ ಅಕ್ಟೋಬರ್ ಹೊತ್ತಿಗೆ ಬಿಡುಗಡೆಯಾಗುತ್ತವೆ. ಮೇಯಿಂದ ಆಗಸ್ಟ್‌ವರೆಗಿನವು ಬೇಗ ಖಾಲಿ. ಆದ್ದರಿಂದ ತಾರೀಕು ಗಟ್ಟಿಯಾಗದೆ ವಿಮಾನದ ಟಿಕೆಟ್ ಮಾಡಬೇಡಿ. ಅಗ್ಗದ ಟಿಕೆಟ್ ಸಿಕ್ಕಿತೆಂದು ಮೊದಲು ಅದನ್ನು ಮಾಡಿಕೊಂಡು ಆಮೇಲೆ ಪರ್ಮಿಟ್ಟಿಗೆ ಒದ್ದಾಡಿದವರನ್ನು ಕಂಡಿದ್ದೇನೆ. ಫೆಬ್ರುವರಿ ಪೂರ್ತಿ ಈ ದಾರಿ ರಿಪೇರಿಗೆಂದು ಮುಚ್ಚಿರುತ್ತದೆ, ಮಾಚು ಪಿಚು ಮಾತ್ರ ತೆರೆದಿರುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ. ಜೂನ್, ಜುಲೈಯಲ್ಲಿ ಆಕಾಶ ಕನ್ನಡಿಯ ಹಾಗಿರುತ್ತದೆ, ರಾತ್ರಿ ಮೇಲಿನ ಕ್ಯಾಂಪಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಜೂನ್ 24ರಂದು ಕುಸ್ಕೊದಲ್ಲಿ ಇಂತಿ ರೈಮಿ ಹಬ್ಬ, ಆ ವಾರ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನ್ನನ್ನು ಕೇಳಿದರೆ ಮೇ ಅಥವಾ ಸೆಪ್ಟೆಂಬರ್. ನಮಗೆ ಸೆಪ್ಟೆಂಬರಿನಲ್ಲಿ ಒಂದೇ ಮಧ್ಯಾಹ್ನ ಮಳೆ ಬಂತು.

ಇನ್ನು ಹೆಸರಿನ ವಿಚಾರ. ಪರ್ಮಿಟ್ ನಿಮ್ಮ ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ, ತಾರೀಕೂ ಬದಲಾಗುವುದಿಲ್ಲ, ಹೋಗದಿದ್ದರೆ ದುಡ್ಡು ಹೋಯಿತು. 82ನೇ ಕಿಲೋಮೀಟರಿನ ಚೆಕ್‌ಪೋಸ್ಟಿನಲ್ಲಿ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು, ಜೆರಾಕ್ಸ್ ಆಗದು. ನಮ್ಮ ಕಡೆಯವರಿಗೆ ಇಲ್ಲೊಂದು ಫಜೀತಿ ಇದೆ: ಇನಿಷಿಯಲ್. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ, ಅಣ್ಣನ ಮಗಳದ್ದರಲ್ಲಿ ಸರ್‌ನೇಮ್ ಜಾಗ ಖಾಲಿ. ಏಜೆನ್ಸಿಯವರ ಫಾರಂ ಖಾಲಿ ಜಾಗವನ್ನು ಒಪ್ಪುವುದಿಲ್ಲ. ಅಲ್ಲಿ ನಿಮಗೆ ತೋಚಿದ್ದನ್ನು ತುಂಬಬೇಡಿ. ಪಾಸ್‌ಪೋರ್ಟಿನ ಫೋಟೊ ಇರುವ ಪುಟ ಕಳಿಸಿ, ಇದರಲ್ಲಿರುವ ಹಾಗೇ ಪರ್ಮಿಟ್ ತೆಗೆಯಿರಿ ಎಂದು ಬರವಣಿಗೆಯಲ್ಲಿ ಹೇಳಿ, ಬಂದ ಮೇಲೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಬುಕ್ ಮಾಡಿದ ಮೇಲೆ ಪಾಸ್‌ಪೋರ್ಟ್ ನವೀಕರಣವಾದರೆ ಏಜೆನ್ಸಿಗೆ ತಿಳಿಸಿ, ಹಳೆಯದು ಹೊಸದು ಎರಡನ್ನೂ ಒಯ್ಯಿರಿ.

ಭಾರತದ ಪಾಸ್‌ಪೋರ್ಟ್ ಇರುವವರು ಹಳದಿ ಜ್ವರದ ಲಸಿಕೆಯನ್ನು ಮರೆಯಲೇಬಾರದು. ಪೆರು ಅದನ್ನು ಕೇಳುವುದಿಲ್ಲ, ಕೇಳುವುದು ನಮ್ಮ ದೇಶ. ಪೆರುವಿನಿಂದ ಬಂದು ಇಳಿದಾಗ ಲಸಿಕೆಯ ಸರ್ಟಿಫಿಕೇಟ್ ಆದ ಹಳದಿ ಪುಸ್ತಕ ಕೈಯಲ್ಲಿಲ್ಲದಿದ್ದರೆ ಕ್ವಾರಂಟೈನಿನಲ್ಲಿ ಕೂರಿಸುವ ನಿಯಮವಿದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೆ ಸರ್ಟಿಫಿಕೇಟ್ ಜಾರಿಗೆ ಬರುತ್ತದೆ, ಆಮೇಲೆ ಜೀವಮಾನಪೂರ್ತಿ ಸಾಕು. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಅರವತ್ತು ದಾಟಿದವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು.

ಏಜೆನ್ಸಿಗೆ ಕೇಳಬೇಕಾದ ಪ್ರಶ್ನೆ

ಎಲ್ಲ ಏಜೆನ್ಸಿಗಳೂ ನಡೆಸುವುದು ಅದೇ ದಾರಿಯಲ್ಲಿ, ಸುಮಾರಾಗಿ ಅವೇ ಕ್ಯಾಂಪುಗಳಿಗೆ. ದರ ಮಾತ್ರ ತಲೆಗೆ 700 ಡಾಲರಿನಿಂದ 1,000 ಡಾಲರ್, ಅದಕ್ಕೂ ಮೇಲೆ. ಕಡಿಮೆ ದರ ಹೇಳಿದವನು ಆ ದುಡ್ಡನ್ನು ಎಲ್ಲಿ ಉಳಿಸಿದ ಎಂದು ಯೋಚಿಸಿ. ಬಹಳ ಸಲ ಪೋರ್ಟರುಗಳ ಬೆನ್ನಿನ ಮೇಲೆ.

ಪೆರುವಿನ ಕಾನೂನಿನ ಪ್ರಕಾರ ಗಂಡಸು ಪೋರ್ಟರ್ 20 ಕಿಲೋಗಿಂತ, ಹೆಂಗಸು 15 ಕಿಲೋಗಿಂತ ಹೆಚ್ಚು ಹೊರಬಾರದು. ಚೆಕ್‌ಪೋಸ್ಟಿನಲ್ಲಿ ತಕ್ಕಡಿಯಲ್ಲಿ ತೂಗುತ್ತಾರೆ. ಮೊದಲ ಸಲ ನಾನು ಹೋದ ಏಜೆನ್ಸಿಯಲ್ಲಿ ತೂಕಕ್ಕೆ ಮುಂಚೆ ಒಂದು ಗ್ಯಾಸ್ ಸಿಲಿಂಡರು ಇನ್ನೊಬ್ಬನ ಕೈಗೆ ಹೋಗಿ, ತೂಕ ಮುಗಿದ ಮೇಲೆ ವಾಪಸ್ ಬಂದದ್ದನ್ನು ನೋಡಿದೆ. ರಾತ್ರಿ ಆ ಹುಡುಗರು ನಾವು ಊಟ ಮಾಡಿದ ಡೇರೆಯೊಳಗೇ ಒತ್ತೊತ್ತಾಗಿ ಮಲಗಿದ್ದರು. ನಾವು ಊಟ ಮುಗಿಸಿ ಹರಟೆ ಹೊಡೆಯುತ್ತಾ ಕೂತಷ್ಟು ಹೊತ್ತೂ ಅವರು ಹೊರಗೆ ಚಳಿಯಲ್ಲಿ ಕಾಯುತ್ತಿದ್ದರು ಎಂದು ಗೊತ್ತಾದದ್ದು ತಡವಾಗಿ. ಆ ನಾಚಿಕೆ ಇನ್ನೂ ಇದೆ.

ಎರಡನೇ ಸಲ ನಾಲ್ಕು ಏಜೆನ್ಸಿಗಳಿಗೆ ಒಂದೇ ಪತ್ರ ಬರೆದೆ. ಪೋರ್ಟರುಗಳಿಗೆ ಬೇರೆ ಡೇರೆ ಇದೆಯೇ, ನೆಲಕ್ಕೆ ಹಾಸಲು ಮ್ಯಾಟ್ ಕೊಡುತ್ತೀರಾ? ಅವರ ಊಟ ಏನು? ಗುಂಪಿನಲ್ಲಿ ಎಷ್ಟು ಜನ, ಎಂಟಕ್ಕಿಂತ ಹೆಚ್ಚಾದರೆ ಎರಡನೇ ಗೈಡ್ ಯಾರು? ಆಮ್ಲಜನಕದ ಸಿಲಿಂಡರ್ ಜೊತೆಗೆ ಬರುತ್ತದೆಯೇ? ಯಾರಾದರೂ ಹಿಂದೆ ಬರಬೇಕಾದರೆ ಅವರ ಜೊತೆ ಯಾರು ಬರುತ್ತಾರೆ, ಆ ಖರ್ಚು ಯಾರದು? ಇಬ್ಬರು ಬ್ರೋಷರ್ ಕಳಿಸಿ ಸುಮ್ಮನಾದರು. ಒಬ್ಬರು ಒಂದೊಂದಕ್ಕೂ ಉತ್ತರ ಬರೆದು, ಕೊನೆಗೆ ‘ನೀವು ಮೊದಲೇ ಒಂದು ಸಲ ಬಂದಿದ್ದಿರಾ?’ ಎಂದು ಕೇಳಿದರು. ಅವರ ಜೊತೆಗೇ ಹೋದೆವು.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಮೊದಲ ದಿನ ಅಡಿಗೆಯವರಿಗೆ ಎದುರಾಎದುರೇ ಇನ್ನೊಮ್ಮೆ ಹೇಳಿ. ಬರೀ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದರೆ ಕೋಳಿ ಬರುತ್ತದೆ. ಅಲ್ಲಿ ಬಹಳ ಜನರ ಲೆಕ್ಕದಲ್ಲಿ ಕೋಳಿ ಮಾಂಸವಲ್ಲ. ‘ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ’, ಅಂದರೆ ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಎಂದು ಮೂರನ್ನೂ ಹೇಳಬೇಕು. ಸೂಪಿನ ರಸ ಯಾವುದರದು ಎಂದೂ ಕೇಳಿ. ಇಷ್ಟು ಹೇಳಿದರೆ ಸಾಕು, ಹೊಟ್ಟೆಗೆ ಕೊರತೆಯಿಲ್ಲ. ಕಿನೋವಾ ಸೂಪು, ಬಗೆಬಗೆಯ ಆಲೂಗಡ್ಡೆ, ಅನ್ನ, ಸಂಜೆ ಐದಕ್ಕೆ ಬಿಸಿ ಪಾಪ್‌ಕಾರ್ನ್ ಮತ್ತು ಚಹಾ. ಎರಡು ಗ್ಯಾಸ್ ಒಲೆ ಇಟ್ಟುಕೊಂಡು ಬೆಟ್ಟದ ಮೇಲೆ ಕೊನೆಯ ರಾತ್ರಿ ಕೇಕ್ ಮಾಡಿದರು. ಹೇಗೆ ಮಾಡಿದರೋ ದೇವರೇ ಬಲ್ಲ.

ಎತ್ತರಕ್ಕೆ ನಾಲ್ಕು ದಿನ ಕೊಡಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಿದ್ದರೆ ಇದನ್ನು ಓದಿ.

ಲಿಮಾ ಸಮುದ್ರದ ದಂಡೆಯಲ್ಲಿದೆ. ಕುಸ್ಕೊ 3,400 ಮೀಟರ್ ಎತ್ತರದಲ್ಲಿದೆ. ನಡುವೆ ಒಂದೂಕಾಲು ಗಂಟೆಯ ವಿಮಾನ. ಅಷ್ಟರಲ್ಲಿ ನಿಮ್ಮ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿರುತ್ತದೆ. ದಾರಿಯ ಅತಿ ಎತ್ತರದ ಜಾಗ, ಬೆಟ್ಟದ ಸಾಲನ್ನು ದಾಟುವ ವಾರ್ಮಿವಾನ್ಯುಸ್ಕ ಎಂಬ ಕಣಿವೆಬಾಗಿಲು, 4,215 ಮೀಟರ್, ಅಲ್ಲಿ ಸಿಗುವುದು ಸಮುದ್ರಮಟ್ಟದ ಶೇಕಡಾ 60ರಷ್ಟು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನ ವೇಗದಲ್ಲಿ. ನೀವು ದಿನಾ ಹತ್ತು ಕಿಲೋಮೀಟರ್ ಓಡುವವರಾದರೂ ಅದಕ್ಕೆ ಲೆಕ್ಕವಿಲ್ಲ. ನನ್ನ ಜೊತೆ ಮೊದಲ ಸಲ ಬಂದಿದ್ದ ಗೆಳತಿ ಜೀವಮಾನದಲ್ಲಿ ವ್ಯಾಯಾಮ ಮಾಡಿದವಳಲ್ಲ, ಅವಳು ಹಾಡು ಗುನುಗುತ್ತಾ ದಾಟಿದಳು.

ಎರಡನೇ ಸಲ ಹೀಗೆ ಮಾಡಿದೆವು. ಕುಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದವರೇ ಊರೊಳಗೆ ಹೋಗದೆ, ಟ್ಯಾಕ್ಸಿ ಹಿಡಿದು ಸುಮಾರು ಎರಡು ಗಂಟೆ ದೂರದ ಒಯಾಂತಾಯ್‌ತಾಂಬೊಗೆ ಇಳಿದೆವು. ಅದು 2,800 ಮೀಟರ್. ಆರುನೂರು ಮೀಟರ್ ಕೆಳಗೆ ಅಂದರೆ ರಾತ್ರಿ ನಿದ್ದೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ವ್ಯತ್ಯಾಸ. ಅಲ್ಲಿ ಎರಡು ರಾತ್ರಿ. ಇಂಕಾಗಳು ಹಾಕಿದ ಬೀದಿಗಳಲ್ಲಿ ಜನ ಈಗಲೂ ವಾಸವಾಗಿದ್ದಾರೆ, ಕಲ್ಲಿನ ಕಾಲುವೆಗಳಲ್ಲಿ ನೀರು ಈಗಲೂ ಹರಿಯುತ್ತದೆ. ಊರಿನ ಮೇಲಿನ ಕೋಟೆಯ ಮೆಟ್ಟಿಲು ಹತ್ತುವುದನ್ನು ಎರಡನೇ ದಿನಕ್ಕೆ ಇಟ್ಟುಕೊಂಡೆವು. 1537ರಲ್ಲಿ ಇಂಕಾ ದೊರೆ ಮಾಂಕೊ ಇಂಕಾ ಸ್ಪೇನಿನ ಸೈನ್ಯವನ್ನು ಹಿಮ್ಮೆಟ್ಟಿಸಿದ ಜಾಗ ಅದು. ಮೂರನೇ ದಿನ ಮಾರಾಸಿನ ಉಪ್ಪಿನ ಮಡಿಗಳನ್ನೂ ಮೊರಾಯ್‌ನ ದುಂಡು ಮೆಟ್ಟಿಲುಗದ್ದೆಗಳನ್ನೂ ನೋಡಿಕೊಂಡು ಕುಸ್ಕೊಗೆ ಹತ್ತಿದೆವು. ಅಲ್ಲಿ ಎರಡು ರಾತ್ರಿ. ಐದನೇ ದಿನ ನಸುಕಿನಲ್ಲಿ ಟ್ರೆಕ್ಕಿಗೆ ಹೊರಟೆವು.

‘ಅತ್ತೆ, ನಾಲ್ಕು ದಿನದ ನಡಿಗೆಗೆ ನಾಲ್ಕು ದಿನ ಕೂತು ಕಾಯೋದಾ?’ ಎಂದು ಅಣ್ಣನ ಮಗಳು ಮುಖ ಊದಿಸಿದ್ದಳು. ‘ಲ್ಯುಲ್ಯುಚಾಪಾಂಪದಲ್ಲಿ ಉತ್ತರ ಹೇಳ್ತೀನಿ, ಬಾ’ ಅಂದೆ.

ಔಷಧಿಯ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಬೇಕು. ಸಾಮಾನ್ಯವಾಗಿ ಬರೆದುಕೊಡುವುದು ಅಸೆಟಜೋಲಮೈಡ್, ಡೈಯಾಮಾಕ್ಸ್ ಎಂದರೆ ಎಲ್ಲರಿಗೂ ಗೊತ್ತು. ನನಗೆ ಬರೆದದ್ದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಕುಸ್ಕೊ ತಲುಪುವ ಹಿಂದಿನ ದಿನದಿಂದ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಈ ಮಾತ್ರೆಯಿಂದ ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಮೊದಲ ಸಲ ಹೋದಾಗ ನನ್ನ ಹತ್ತಿರ ಮಾತ್ರೆ ಇತ್ತು. ಡೇರೆಯಿಂದ ರಾತ್ರಿ ಏಳುವುದು ಕಷ್ಟ ಅಂತ ತೆಗೆದುಕೊಂಡಿರಲಿಲ್ಲ!

ಸ್ವಲ್ಪ ತಲೆನೋವು, ಊಟ ಬೇಡ ಅನ್ನಿಸುವುದು, ನಿದ್ದೆ ಕೆಡುವುದು ಬಹಳ ಜನರಿಗೆ ಇದ್ದದ್ದೇ. ಕೂತಲ್ಲೇ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಬಂದರೆ, ನೆಟ್ಟಗೆ ಹೆಜ್ಜೆ ಇಡಲಾಗದೆ ತೂರಾಡಿದರೆ, ಮಾತು ತೊದಲಿದರೆ ಕಾಯಬಾರದು, ತಕ್ಷಣ ಕೆಳಗಿಳಿಯಬೇಕು. ಗೈಡಿಗೆ ಸುಳ್ಳು ಹೇಳಬೇಡಿ. ಮೊದಲ ಸಲ ಬೆಳಗ್ಗೆ ‘ಆರಾಮಾಗಿದ್ದೀನಿ’ ಎಂದು ನಾಲ್ಕು ಸಲ ಹೇಳಿದ್ದೆ. ಒಂದೂ ನಿಜವಲ್ಲ.

ಕೋಕಾ ಎಲೆಯನ್ನು ಅಲ್ಲಿ ಎಲ್ಲರೂ ಕೊಡುತ್ತಾರೆ. ಚಹಾ ಮಾಡಿ ಕುಡಿಯಬಹುದು, ಬಾಯಲ್ಲಿ ಒತ್ತರಿಸಿ ಇಟ್ಟುಕೊಳ್ಳಬಹುದು. ಜೊತೆಗೆ ಯಿಪ್ತಾ ಎಂಬ ಬೂದಿಯ ಉಂಡೆಯ ಚೂರು ಸೇರಿಸುತ್ತಾರೆ. ನಾವು ವೀಳ್ಯದೆಲೆಗೆ ಸುಣ್ಣ ಹಚ್ಚುವುದಿಲ್ಲವೇ, ಹಾಗೆ. ನಾಲಿಗೆ ಒಂದಿಷ್ಟು ಮರಗಟ್ಟುತ್ತದೆ, ಹೊಟ್ಟೆ ತಣ್ಣಗಾದ ಹಾಗೆ ಅನ್ನಿಸುತ್ತದೆ. ಪೆರುವಿನಲ್ಲಿ ಅದು ಕಾನೂನುಬದ್ಧ, ಗಡಿ ದಾಟಿದರೆ ಬಹಳ ದೇಶಗಳಲ್ಲಿ ಅಲ್ಲ. ಒಂದು ಟೀಬ್ಯಾಗ್ ಕೂಡ ಮನೆಗೆ ತರಬೇಡಿ.

ಹತ್ತುವುದಲ್ಲ, ಇಳಿಯುವುದನ್ನು ಕಲಿಯಿರಿ

ಮೂರು ತಿಂಗಳು ಮೊದಲೇ ಶುರು ಮಾಡಿ. ನಾನು ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಬಿರುಸಾಗಿ ನಡೆದೆ, ಎರಡು ದಿನ ಮಹಡಿ ಮೆಟ್ಟಿಲು. ಬೆನ್ನಿಗೆ ಐದು ಕಿಲೋ ಅಕ್ಕಿ ಹಾಕಿದ ಚೀಲ. ಹತ್ತುವುದರಿಂದ ಎದೆ ಗಟ್ಟಿಯಾಗುತ್ತದೆ ನಿಜ, ಈ ದಾರಿ ಕೊಲ್ಲುವುದು ಇಳಿಜಾರಿನಲ್ಲಿ. ಮೂರನೇ ದಿನ ಒಂದೇ ಸಮನೆ ಸಾವಿರ ಮೀಟರಿನಷ್ಟು ಇಳಿಯಬೇಕು. ಎಲ್ಲವೂ ಕಲ್ಲಿನ ಮೆಟ್ಟಿಲು, ಒಂದು ಗೇಣೆತ್ತರ, ಮುಂದಿನದು ಮೊಣಕಾಲೆತ್ತರ. ಆದ್ದರಿಂದ ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿದರೂ ಅಭ್ಯಾಸವೇ. ನೆರೆಮನೆಯವರು ನಗುತ್ತಾರೆ, ನಗಲಿ.

ಊರುಗೋಲು ಎರಡು ಬೇಕು, ಒಂದಲ್ಲ. ತುದಿಗೆ ರಬ್ಬರಿನ ಟೊಪ್ಪಿ ಇರಲೇಬೇಕು. ಬರೀ ಲೋಹದ ತುದಿ ಹಳೆಯ ಕಲ್ಲನ್ನು ಕೆರೆಯುತ್ತದೆಂದು ಬಿಡುವುದಿಲ್ಲ. ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೂ ಪ್ರವೇಶವಿಲ್ಲ. ಶೂ ಹೊಸದಾಗಿದ್ದರೆ ಕನಿಷ್ಠ ಐವತ್ತು ಕಿಲೋಮೀಟರ್ ನಡೆದು ಪಳಗಿಸಿ. ವಿಮಾನ ಹತ್ತುವಾಗ ಅದನ್ನೇ ಹಾಕಿಕೊಂಡಿರಿ. ಸೂಟ್‌ಕೇಸ್ ಕಳೆದರೆ ಉಳಿದದ್ದೆಲ್ಲ ಕುಸ್ಕೊದಲ್ಲಿ ಬಾಡಿಗೆಗೆ ಸಿಗುತ್ತದೆ, ನಿಮ್ಮ ಕಾಲಿಗೆ ಹೊಂದಿಕೊಂಡ ಶೂ ಸಿಗುವುದಿಲ್ಲ.

ಪೋರ್ಟರಿಗೆ ಕೊಡುವ ಚೀಲ ಸಾಮಾನ್ಯವಾಗಿ 7 ಕಿಲೋ, ಮಲಗುವ ಚೀಲ ಮತ್ತು ಮ್ಯಾಟ್ ಸೇರಿ. ಅಂದರೆ ಬಟ್ಟೆಗೆ ಉಳಿಯುವುದು ಮೂರು ಕಿಲೋ ಚಿಲ್ಲರೆ. ನಾಲ್ಕು ದಿನಕ್ಕೆ ಎರಡು ಜೊತೆ ಸಾಕು. ಒಂದು ನಡೆಯಲು, ಒಂದು ಮಲಗಲು, ಮಲಗುವ ಜೊತೆಯನ್ನು ಏನೇ ಆದರೂ ಒದ್ದೆ ಮಾಡಿಕೊಳ್ಳಬಾರದು. ಉಣ್ಣೆ ಟೋಪಿ, ಕೈಗವಸು, ತಲೆಗೆ ಕಟ್ಟುವ ಟಾರ್ಚು, ಪೊಂಚೊ. ದುಬಾರಿ ಮಳೆ ಜಾಕೆಟ್ಟಿಗಿಂತ ಬೆನ್ನಿನ ಚೀಲವನ್ನೂ ಮುಚ್ಚುವ ಅಗ್ಗದ ಪೊಂಚೊ ವಾಸಿ. ಸೊಳ್ಳೆಗಿಂತ ಸಣ್ಣದೊಂದು ನೊಣ ಕೊನೆಯ ಎರಡು ದಿನ ಕಚ್ಚುತ್ತದೆ, ತುರಿಕೆ ವಾರಗಟ್ಟಲೆ ಹೋಗುವುದಿಲ್ಲ. ಅದಕ್ಕೊಂದು ಮುಲಾಮು. ಇನ್ಶೂರೆನ್ಸ್ ಮಾಡಿಸುವಾಗ ಎಷ್ಟು ಎತ್ತರದ ಟ್ರೆಕ್ಕಿಂಗಿಗೆ ಅನ್ವಯಿಸುತ್ತದೆ ಎಂಬ ಸಾಲನ್ನು ಹುಡುಕಿ ಓದಿ, 4,215 ಮೀಟರ್ ಅದರೊಳಗೆ ಬರಬೇಕು.

ನಾಲ್ಕು ದಿನ

ಮೊದಲ ದಿನ ಮೋಸಗಾರ. ನದಿಯ ಪಕ್ಕದಲ್ಲಿ ಸಮತಟ್ಟಾದ ದಾರಿ, ಎದುರಿಗೆ 5,682 ಮೀಟರಿನ ವೆರೋನಿಕಾ ಶಿಖರದ ಹಿಮ, ಕೆಳಗೆ ಪಾತಾಯಾಕ್ತ ಎಂಬ ಹಾಳೂರಿನ ಅರ್ಧಚಂದ್ರಾಕಾರದ ಮೆಟ್ಟಿಲುಗದ್ದೆಗಳು. ಇಷ್ಟೇನಾ ಅನ್ನಿಸಿ ಎಲ್ಲರೂ ದಾಪುಗಾಲು ಹಾಕುತ್ತಾರೆ. ಹಾಕಬೇಡಿ. ಪಕ್ಕದವರ ಜೊತೆ ಮಾತಾಡುತ್ತಾ ನಡೆಯಲಾಗುವಷ್ಟು ನಿಧಾನ ಇರಬೇಕು. ಸಂಜೆ ವಾಯ್ಯಾಬಾಂಬ ಹತ್ತಿರ, ಸುಮಾರು 3,000 ಮೀಟರಿನಲ್ಲಿ ಬಿಡಾರ.

ಎರಡನೇ ದಿನ ಹತ್ತುವ ದಿನ, 1,200 ಮೀಟರ್ ಒಂದೇ ಉಸಿರಿಗೆ. ಒಂದೇ ಉಸಿರು ಅಂದೆನಲ್ಲ, ಅದೇ ಇರುವುದಿಲ್ಲ. ನಾನು ಕಂಡುಕೊಂಡ ಉಪಾಯ: ಇಪ್ಪತ್ತು ಹೆಜ್ಜೆ ಎಣಿಸು, ನಿಲ್ಲು, ಐದು ಸಲ ಉಸಿರು ಬಿಡು, ಮತ್ತೆ ಇಪ್ಪತ್ತು. ಕೂರಬಾರದು, ಕೂತರೆ ಏಳುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ. ಪೋರ್ಟರುಗಳು ಬೆನ್ನ ಮೇಲೆ ಮನೆಯನ್ನೇ ಹೊತ್ತವರ ಹಾಗೆ ಓಡುತ್ತಾ ಬರುತ್ತಾರೆ. ಅವರು ಬಂದಾಗ ಬೆಟ್ಟದ ಕಡೆಯ ಗೋಡೆಗೆ ಒರಗಿ ದಾರಿ ಬಿಡಿ, ಕಣಿವೆಯ ಅಂಚಿಗೆ ಸರಿಯಬೇಡಿ. ‘ಅಯಿಯಾಂಚು’ ಅನ್ನಿ, ಕೆಚುವಾ ಭಾಷೆಯಲ್ಲಿ ಚೆನ್ನಾಗಿದ್ದೀರಾ ಎಂದು. ಆ ದಣಿವಿನಲ್ಲೂ ನಗುತ್ತಾರೆ.

ಲ್ಯುಲ್ಯುಚಾಪಾಂಪ ಬಂತು. ಅಲ್ಲಿ ಅದೇ ಹುಲ್ಲು, ಹಿಂದಿನ ಸಲ ನಾನು ಕೂತಿದ್ದ ಹಾಗೇ ಯಾರೋ ಒಬ್ಬ ಹುಡುಗ ತಲೆ ಹಿಡಿದುಕೊಂಡು ಕೂತಿದ್ದ. ಇಪ್ಪತ್ತೈದು ಇರಬಹುದು, ಒಳ್ಳೆ ಮೈಕಟ್ಟು. ಕುಸ್ಕೊಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ. ಮೊನ್ನೆ, ಅಂದ. ಅಣ್ಣನ ಮಗಳು ನನ್ನ ಮುಖ ನೋಡಿದಳು. ನಾನು ಕೊಡಬೇಕಾಗಿದ್ದ ಉತ್ತರ ಅವನೇ ಕೊಟ್ಟುಬಿಟ್ಟ.

ವಾರ್ಮಿವಾನ್ಯುಸ್ಕ ಅಂದರೆ ಸತ್ತ ಹೆಂಗಸು. ಕೆಳಗಿನಿಂದ ನೋಡಿದರೆ ಬೆಟ್ಟದ ಸಾಲು ಅಂಗಾತ ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ. ಮೇಲೆ ತಲುಪಿದಾಗ ನಾನು ಅತ್ತದ್ದನ್ನು ಗಾಳಿಗೆ ಕಣ್ಣಲ್ಲಿ ನೀರು ಬಂತೆಂದು ಹೇಳಿ ಮುಚ್ಚಿಕೊಂಡೆ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ಬೆವರು ಆರಿ ಚಳಿ ಹಿಡಿಯುತ್ತದೆ. ಇನ್ನೊಂದು ಮಾತು: ಈ ಬಾಗಿಲು ದಾಟಿದ ಮೇಲೆ ಹಿಂದೆ ಬರುವುದಕ್ಕಿಂತ ಮುಂದೆ ಹೋಗುವುದೇ ಮೇಲು. ಸಂಶಯವಿದ್ದರೆ ತೀರ್ಮಾನ ಇದಕ್ಕೆ ಮೊದಲೇ ಆಗಬೇಕು. ಆಚೆ ಇಳಿದರೆ 3,600 ಮೀಟರಿನಲ್ಲಿ ಪಾಕಾಯ್‌ಮಾಯೊ ಕ್ಯಾಂಪು, ನಾಲ್ಕೂ ದಿನದಲ್ಲಿ ಅತಿ ಚಳಿಯ ರಾತ್ರಿ. ಅಡಿಗೆಯವರ ಹತ್ತಿರ ಬಾಟಲಿಗೆ ಕುದಿನೀರು ತುಂಬಿಸಿಕೊಂಡು ಕಾಲುಚೀಲದೊಳಗೆ ತೂರಿಸಿ, ಮಲಗುವ ಚೀಲದ ತಳದಲ್ಲಿಟ್ಟುಕೊಳ್ಳಿ. ರಾತ್ರಿ ಕಾಲಿಗೆ ಶಾಖ, ಬೆಳಗ್ಗೆ ಕುಡಿಯುವ ನೀರು. ಕ್ಯಾಂಪಿನ ಶೌಚಾಲಯಗಳು ಕುಕ್ಕರಗಾಲಲ್ಲಿ ಕೂರುವಂಥವು. ಯುರೋಪಿನವರು ಅದರ ಬಗ್ಗೆ ಪುಟಗಟ್ಟಲೆ ಗೋಳಾಡುತ್ತಾರೆ, ನಮಗೇನು.

ಮೂರನೇ ದಿನಕ್ಕಾಗಿಯೇ ನಾನು ಎರಡನೇ ಸಲ ಹೋದದ್ದು ಎಂದರೂ ತಪ್ಪಿಲ್ಲ. ದಾರಿಯ ಕಲ್ಲುಹಾಸು ಬಹುಪಾಲು ಹಳೆಯದೇ. ಇಂಕಾಗಳ ರಾಜ್ಯವನ್ನು ಹೊಲಿದಿದ್ದ ಸುಮಾರು 30,000 ಕಿಲೋಮೀಟರಿನ ರಸ್ತೆಜಾಲದ ಒಂದು ಎಳೆ ಇದು. ಚಕ್ರ ಬಳಸದ, ಕುದುರೆ ಕಾಣದ ಜನ, ಹಾಗಾಗಿ ರಸ್ತೆಗೆ ಮೆಟ್ಟಿಲಿದ್ದರೂ ಅಡ್ಡಿಯಿರಲಿಲ್ಲ, ನಡೆಯುವುದು ಮನುಷ್ಯ ಮತ್ತು ಲಾಮಾ ಮಾತ್ರ. ಮೊದಲು ಸಿಗುವುದು ಮೊಟ್ಟೆಯಾಕಾರದ ಹಾಳು ಕಟ್ಟಡ ರುಂಕುರಾಕಾಯ್. ಆಮೇಲೆ ಬಂಡೆಯ ಮೂಗಿನ ಮೇಲೆ ಕೂತ ಸಾಯಾಕ್‌ಮಾರ್ಕ, ಒಂದೇ ಕಡಿದಾದ ಮೆಟ್ಟಿಲಸಾಲಿನಲ್ಲಿ ಹತ್ತಬೇಕು. ಸುಸ್ತಾಗಿದೆ ಎಂದು ಬಹಳ ಜನ ಕೆಳಗೇ ಉಳಿಯುತ್ತಾರೆ, ಉಳಿಯಬೇಡಿ. ಬಂಡೆ ಕೊರೆದು ಮಾಡಿದ ಸುರಂಗದೊಳಗೆ ದಾರಿ ನುಗ್ಗುತ್ತದೆ. ಹೊರಬಂದು ಏರಿದರೆ ಪುಯುಪಾತಾಮಾರ್ಕ, ಮೋಡದ ಮೇಲಿನ ಊರು. ಆಕಾಶ ತಿಳಿಯಾಗಿದ್ದರೆ 6,271 ಮೀಟರಿನ ಸಾಲ್ಕಾಂತಾಯ್ ಶಿಖರ ಕಾಣುತ್ತದೆ. ನಮಗೆ ಮೋಡವೇ ಕಂಡಿತು, ಊರಿನ ಹೆಸರಿಗೆ ತಕ್ಕ ಹಾಗೆ.

ಈ ಜಾಗಗಳಲ್ಲಿ ಗೈಡನ್ನು ‘ಇದು ಏನು’ ಎಂದು ಕೇಳುವ ಬದಲು ‘ಇಲ್ಲಿ ನೀರು ಎಲ್ಲಿಂದ ಬರುತ್ತದೆ’ ಎಂದು ಕೇಳಿ ನೋಡಿ. ನಮ್ಮ ಗೈಡಿನ ಮುಖ ಅರಳಿದ್ದು ಆಗ. ಕೊನೆಯ ಕ್ಯಾಂಪಿನ ಪಕ್ಕದ ವಿನ್ಯಾಯ್ ವಾಯ್ನ ಎಂಬ ಹಾಳೂರಿನಲ್ಲಿ ಒಂದರ ಕೆಳಗೊಂದು ಕಲ್ಲಿನ ತೊಟ್ಟಿ, ಮೇಲಿನದರಿಂದ ಕೆಳಗಿನದಕ್ಕೆ ನೀರು. ಎರಡು ಬದಿಗೂ ಬಿಲ್ಲಿನ ಹಾಗೆ ಬಾಗಿದ ಮೆಟ್ಟಿಲುಗದ್ದೆ. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಮರಳು, ಎಲ್ಲಕ್ಕೂ ಮೇಲೆ ಮಣ್ಣು. ಎಂಥ ಮಳೆಗೂ ಗುಡ್ಡ ಕುಸಿಯದೆ ನಿಂತಿರುವುದು ಅದಕ್ಕೆ. ಸಂಜೆ ಅಲ್ಲಿ ನಮ್ಮ ಗುಂಪು ಬಿಟ್ಟರೆ ಯಾರೂ ಇರಲಿಲ್ಲ. ನಾಳೆ ಮಾಚು ಪಿಚುವಿನಲ್ಲಿ ಸಾವಿರಾರು ಜನ. ಕ್ಯಾಂಪಿಗೆ ಬೇಗ ತಲುಪಿ, ಬಿಸಿ ಚಹಾದ ಆಸೆ ಬಿಟ್ಟು, ಬೆಳಕಿರುವಾಗಲೇ ಅಲ್ಲಿಗೆ ಹೋಗಿ ಕೂತುಕೊಳ್ಳಿ.

ಅವತ್ತೇ ರಾತ್ರಿ ಇನಾಮು ಕೊಡುವ ಶಾಸ್ತ್ರ, ಯಾಕೆಂದರೆ ನಸುಕಿಗೇ ಪೋರ್ಟರುಗಳು ಡೇರೆ ಮಡಚಿ ರೈಲು ಹಿಡಿಯಲು ಓಡುತ್ತಾರೆ. ದಾರಿಯಲ್ಲಿ ಎಟಿಎಂ ಇಲ್ಲ. ಕುಸ್ಕೊದಲ್ಲೇ ಪೆರುವಿನ ಹಣ ಸೋಲ್‌ನ 10 ಮತ್ತು 20ರ ನೋಟು ಮಾಡಿಸಿಟ್ಟುಕೊಳ್ಳಿ. ಡಾಲರ್ ಕೊಟ್ಟರೆ ಹಳ್ಳಿಯವರು ಅದನ್ನು ಬದಲಾಯಿಸಲು ಪೇಟೆಗೆ ಅಲೆಯಬೇಕು. ನಾವು ಒಬ್ಬೊಬ್ಬರಿಗೂ ಬೇರೆ ಬೇರೆ ಲಕೋಟೆ ಮಾಡಿ ಕೈಗೇ ಕೊಟ್ಟೆವು.

ನಾಲ್ಕನೇ ದಿನ ಮೂರೂವರೆಗೆ ಎಬ್ಬಿಸಿದರು. ಗೇಟು ತೆರೆಯುವುದು ಐದೂವರೆಗೆ, ಅಲ್ಲಿಯವರೆಗೆ ಕತ್ತಲಲ್ಲಿ ಸಾಲಿನಲ್ಲಿ ಕೂತಿರಬೇಕು. ಗೇಟು ತೆರೆದ ಕೂಡಲೇ ಕೆಲವರು ಓಡುತ್ತಾರೆ. ಓಡುವವರಿಗೆ ದಾರಿ ಬಿಡಿ, ಪಕ್ಕದಲ್ಲಿ ಪ್ರಪಾತ. ಕೊನೆಯಲ್ಲಿ ಕೈಯೂರಿ ಹತ್ತುವಷ್ಟು ಕಡಿದಾದ ಮೆಟ್ಟಿಲು, ಅದಾದ ಮೇಲೆ ಇಂತಿ ಪುಂಕು, ಸೂರ್ಯನ ಬಾಗಿಲು. ಕೆಳಗೆ ಮಂಜು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಯಾರೋ ಬಟ್ಟೆ ಸರಿಸಿದ ಹಾಗೆ ಒಂದು ಮೂಲೆ, ಒಂದು ಗೋಡೆ, ಊರಿನ ಹಿಂದಿನ ಬೆಟ್ಟ ವಾಯ್ನಾ ಪಿಚುವಿನ ನೆತ್ತಿ. 2019ರಲ್ಲಿ ಬಸ್ಸಿಳಿದು ನೋಡಿದ್ದೂ ಇದೇ ಕಲ್ಲು, ಇದೇ ಹುಲ್ಲು. ಆದರೆ ಆಗ ಅದು ಒಂಟಿ ಊರಾಗಿತ್ತು. ಈಗ ಅದಕ್ಕೊಂದು ದಾರಿಯಿತ್ತು, ದಾರಿಯುದ್ದಕ್ಕೂ ನೆಂಟರ ಮನೆಗಳ ಹಾಗೆ ಊರುಗಳಿದ್ದವು.

ಕೆಳಗಿಳಿದು ಮುಖ್ಯ ಬಾಗಿಲಿಗೆ ಬಂದು, ಟಿಕೆಟ್ ತೋರಿಸಿ ಮತ್ತೆ ಒಳಗೆ ಹೋಗಬೇಕು. ಒಳಗೆ ಮೂರು ಸರ್ಕ್ಯೂಟುಗಳಿವೆ, ನಿಮ್ಮ ಟಿಕೆಟ್ಟಿನಲ್ಲಿ ಯಾವುದಿದೆಯೋ ಅದರಲ್ಲೇ ನಡೆಯಬೇಕು, ಹಿಂದೆ ತಿರುಗುವ ಹಾಗಿಲ್ಲ. ಬುಕ್ ಮಾಡುವಾಗಲೇ ಯಾವುದು ಎಂದು ಕೇಳಿಕೊಳ್ಳಿ. ವಾಯ್ನಾ ಪಿಚು ಹತ್ತಲು ಬೇರೆ ಟಿಕೆಟ್, ಅದನ್ನೂ ತಿಂಗಳುಗಟ್ಟಲೆ ಮೊದಲೇ ತೆಗೆಯಬೇಕು. ನನ್ನ ಮೊಣಕಾಲು ಬೇಡ ಅಂದಿತು. ಒಳಗೆ ಶೌಚಾಲಯವಿಲ್ಲ, ಬಾಗಿಲ ಹೊರಗಿನದಕ್ಕೆ 2 ಸೋಲ್ ಚಿಲ್ಲರೆ ಬೇಕು. ನಾಲ್ಕು ದಿನ ಬೆಟ್ಟದಲ್ಲಿದ್ದವರ ಜೇಬಿನಲ್ಲಿ ಚಿಲ್ಲರೆ ಇರುವುದಿಲ್ಲ ಎಂಬುದು ನನ್ನ ಅನುಭವ.

ಆಮೇಲೆ ಒಂದು ದಿನ ಖಾಲಿ

ಬಸ್ಸಿನಲ್ಲಿ ಬೆಟ್ಟದ ಬುಡದ ಊರು ಆಗ್ವಾಸ್ ಕಾಲಿಯೆಂತೆಸ್‌ಗೆ ಇಳಿದು, ರೈಲಿನಲ್ಲಿ ಒಯಾಂತಾಯ್‌ತಾಂಬೊ, ಅಲ್ಲಿಂದ ವ್ಯಾನಿನಲ್ಲಿ ಕುಸ್ಕೊ. ತಲುಪುವಾಗ ರಾತ್ರಿಯಾಗಿರುತ್ತದೆ. ಮರುದಿನ ಬೆಳಗ್ಗೆಗೆ ವಿಮಾನ ಇಟ್ಟುಕೊಳ್ಳಬೇಡಿ. ಆ ಭಾಗದಲ್ಲಿ ಮುಷ್ಕರ ಆಗಾಗ ಆಗುತ್ತದೆ, ಆದಾಗ ರೈಲು ನಿಲ್ಲುತ್ತದೆ. ನಾವು ಇಟ್ಟುಕೊಂಡಿದ್ದ ಹೆಚ್ಚಿನ ದಿನವನ್ನು ಕೊರಿಕಾಂಚದಲ್ಲಿ ಕಳೆದೆವು. ಇಂಕಾಗಳ ಸೂರ್ಯ ದೇವಾಲಯದ ಗೋಡೆಯ ಮೇಲೆ ಸ್ಪೇನಿನವರು ಮಠ ಕಟ್ಟಿದ ಜಾಗ ಅದು. 1950ರ ಭೂಕಂಪದಲ್ಲಿ ಮಠ ಬಿರಿಯಿತು, ಕೆಳಗಿನ ಗೋಡೆ ಅಲುಗಲಿಲ್ಲ. ಮೆಟ್ಟಿಲು ಇಳಿಯುವಾಗ ಇಬ್ಬರೂ ಅಡ್ಡಡ್ಡ ಏಡಿಯ ಹಾಗೆ ಇಳಿಯುತ್ತಿದ್ದೆವು. ಎದುರಿಗೆ ಹಾಗೇ ಇಳಿಯುತ್ತಿದ್ದ ಇನ್ನೊಂದು ಜೋಡಿ ನಮ್ಮನ್ನು ನೋಡಿ, ‘ನಾಲ್ಕು ದಿನದ್ದಾ?’ ಎಂದು ಕೇಳಿತು.

ವಾಪಸ್ ಬಂದು ಇಳಿದಾಗ ವಿಮಾನ ನಿಲ್ದಾಣದಲ್ಲಿ ಹಳದಿ ಪುಸ್ತಕ ಕೇಳಿದರು. ಅದು ಸೂಟ್‌ಕೇಸಿನಲ್ಲಿತ್ತು, ಸೂಟ್‌ಕೇಸು ಇನ್ನೂ ಬೆಲ್ಟಿನ ಮೇಲೆ ಬಂದಿರಲಿಲ್ಲ. ಕೈಚೀಲದಲ್ಲಿ ಇಟ್ಟುಕೊಳ್ಳಿ.